ಹಳೇ ಫೈಬರ್‌ಗ್ಲಾಸ್ ಟ್ರೇಲರ್ ನೋಡೋಕೆ ಹೋದ್ರೆ ಮೊದ್ಲು ನೆಲದ ಮೇಲೆ ಮಲಗಿ

ಸಿಯಾಟಲ್ ಕಡೆ ಇರೋ ನಮ್ಮ ಕನ್ನಡದವ್ರಲ್ಲಿ ಮೂರ್ನಾಲ್ಕು ಮನೆಯವ್ರು ಈಗಾಗ್ಲೇ ನನ್ನ ಕೇಳಿದಾರೆ, "ನಿಮ್ಮನೆ ಮುಂದೆ ನಿಂತಿರತ್ತಲ್ಲ ಮೊಟ್ಟೆ ಥರದ ಟ್ರೇಲರ್, ಕಾರಿಗೆ ಕಟ್ಟಿ ಎಳ್ಕೊಂಡು ಹೋಗಿ ಒಳಗೆ ಮಲಗೋದು, ಅಂಥದ್ದು ಸೆಕೆಂಡ್ ಹ್ಯಾಂಡ್ ತಗೋಬೇಕು, ಏನ್ ನೋಡ್ಬೇಕು ಹೇಳಿ" ಅಂತ. ಪ್ರತಿ ಸಲ ಫೋನಲ್ಲಿ ಒಂದು ಗಂಟೆ ಹೇಳಿ ಗಂಟಲು ಒಣಗ್ಸಿಕೊಳ್ಳೋ ಬದ್ಲು ಒಂದ್ಸಲ ಕೂತು ಬರೆದುಬಿಡೋಣ ಅನ್ನಿಸ್ತು. ನಾವೇನು ಹುಟ್ಟಾ ಕ್ಯಾಂಪಿಂಗ್ ಜನ ಅಲ್ಲ, ಒಲಿಂಪಿಕ್ ಪೆನಿನ್ಸುಲಾದಲ್ಲಿ ಎರಡು ರಾತ್ರಿ ಟೆಂಟಲ್ಲಿ ಮಳೆ ನೀರಿನ ಮೇಲೆ ತೇಲಿದ್ಮೇಲೆ ನಮ್ಮನೆಯವ್ಳು "ಇನ್ಮೇಲೆ ಗೋಡೆ ಇರೋದ್ರಲ್ಲಾದ್ರೆ ಬರ್ತೀನಿ, ಇಲ್ಲಾಂದ್ರೆ ನೀವೇ ಹೋಗಿ" ಅಂದ್ಳು, ಅಲ್ಲಿಂದ ಶುರುವಾಯ್ತು ಈ ಹುಡುಕಾಟ. ಏಳೆಂಟು ಗಾಡಿ ನೋಡಿ ಒಂದು ತಗೊಂಡ್ವಿ. ಕಲ್ತಿದ್ದು ಜಾಸ್ತಿ ತಗೊಳ್ದೇ ಬಿಟ್ಟಿದ್ರಿಂದ.

ಮೊದ್ಲು ಒಂದು ಗೊಂದಲ ತೀರಿಸ್ಕೊಳ್ಳಿ. ಜಾಹೀರಾತಲ್ಲಿ ಫೈಬರ್‌ಗ್ಲಾಸ್ ಅಂತ ಇದ್ದಿದ್ದೆಲ್ಲ ನಾವು ಹುಡುಕ್ತಿರೋ ಫೈಬರ್‌ಗ್ಲಾಸ್ ಅಲ್ಲ. ಮಾಮೂಲಿ ಡಬ್ಬಿ ಆಕಾರದ ಟ್ರೇಲರ್‌ಗಳಲ್ಲಿ ಮರದ್ದೋ ಅಲ್ಯೂಮಿನಿಯಂದೋ ಚೌಕಟ್ಟು ಮಾಡಿ ಅದರ ಮೇಲೆ ತೆಳ್ಳಗಿನ ಫೈಬರ್‌ಗ್ಲಾಸ್ ಹಾಳೆ ಅಂಟಿಸಿರ್ತಾರೆ, ಒಳಗೆ ನೀರು ಹೋದ್ರೆ ಆ ಹಾಳೆ ಹಪ್ಪಳದ ಹಾಗೆ ಉಬ್ಬಿ ಎದ್ದುಬಿಡತ್ತೆ. ನಾವು ನೋಡ್ತಿರೋದು ಅಚ್ಚಲ್ಲಿ ಎರಕ ಹೊಯ್ದ ಹಾಗೆ ಮಾಡಿರೋದು, ಮೇಲಿಂದೊಂದು ಚಿಪ್ಪು, ಕೆಳಗಿಂದೊಂದು ಚಿಪ್ಪು, ತೆಂಗಿನಕಾಯಿ ಎರಡು ಹೋಳು ಮತ್ತೆ ಜೋಡಿಸಿದ ಹಾಗೆ. ಸೊಂಟದ ಸುತ್ತ ಒಂದು ಪಟ್ಟಿ ಕಾಣತ್ತೆ, ಅದೇ ಜಾಯಿಂಟು. ಬಹಳಷ್ಟರಲ್ಲಿ ಛಾವಣೀಲಿ ಹೊಲಿಗೆ ಇಲ್ಲ, ಮೂಲೆಗಳಲ್ಲಿ ಸಂದಿ ಇಲ್ಲ, ಅದಕ್ಕೇ ಐವತ್ತು ವರ್ಷ ಆಗಿರೋ ಗಾಡಿಗಳೂ ಇನ್ನೂ ರೋಡ್ ಮೇಲೆ ಓಡಾಡ್ತಿರೋದು.

ಇದರ ಹುಟ್ಟು ಕೆನಡಾದ ವಿನಿಪೆಗ್‌ನಲ್ಲಿ, 1968ರಲ್ಲಿ. ರೇ ಒಲೆಕೊ ಅನ್ನೋರು ಮೊದ್ಲು ಫೈಬರ್‌ಗ್ಲಾಸಲ್ಲಿ ಸೆಪ್ಟಿಕ್ ಟ್ಯಾಂಕ್ ಮಾಡಿದ್ರಂತೆ, ಆಮೇಲೆ ಅದೇ ತಲೆ ಓಡಿಸಿ 13 ಅಡಿ ಟ್ರೇಲರ್ ಮಾಡಿ ಬೋಲರ್ ಅಂತ ಹೆಸರಿಟ್ರು, ಬೌಲರ್ ಹ್ಯಾಟ್ ಥರ ಕಾಣತ್ತೆ ಅಂತ. ಸೆಪ್ಟಿಕ್ ಟ್ಯಾಂಕ್ ವಿಷ್ಯ ನಮ್ಮನೆಯವ್ಳಿಗೆ ಗಾಡಿ ತಗೊಂಡ್ಮೇಲೆ ಹೇಳಿದ್ದು ಒಳ್ಳೇದಾಯ್ತು. ಅಲ್ಲಿಂದ ಮುಂದೆ ಮಿನೆಸೋಟಾದ ಬ್ಯಾಕಸ್‌ನಲ್ಲಿ ಸ್ಕ್ಯಾಂಪ್, ಒಂಟಾರಿಯೋದಲ್ಲಿ ಟ್ರಿಲಿಯಂ, ಟೆಕ್ಸಸ್‌ನಲ್ಲಿ ಕಸೀಟಾ, ಬ್ರಿಟಿಷ್ ಕೊಲಂಬಿಯಾದಲ್ಲಿ ಬಿಗ್‌ಫೂಟ್ ಮತ್ತೆ ಎಸ್ಕೇಪ್, ಟೆನೆಸೀಲಿ ಆಲಿವರ್ ಅನ್ನೋ ಕಂಪ್ನಿಗಳು ಬಂದ್ವು. ಯೂಹಾಲ್ ಕಂಪ್ನಿ ಕೂಡ 1980ರ ದಶಕದಲ್ಲಿ ಬಾಡಿಗೆಗೆ ಅಂತ 13 ಅಡಿದು ಮಾಡಿ ಆಮೇಲೆ ಮಾರಿಬಿಡ್ತು, ಈಗ್ಲೂ ಅಲ್ಲೊಂದು ಇಲ್ಲೊಂದು ಮಾರಾಟಕ್ಕೆ ಬರತ್ತೆ. ಬರ್ರೋ ಅನ್ನೋ ಬ್ರ್ಯಾಂಡೂ ಗೊತ್ತಿರ್ಲಿ, ಅದ್ರಲ್ಲಿ ಚಿಪ್ಪು ಎರಡು ಪದರ, ಒಳಗೊಂದು ಹೊರಗೊಂದು. ಬೋಲರ್ ಈಗ ಹೆಚ್ಚಾಗಿ ಹಳೇದೇ ಸಿಗೋದು. ಸ್ಕ್ಯಾಂಪ್, ಕಸೀಟಾ ಇವತ್ತಿಗೂ ತಯಾರಾಗ್ತಿವೆ, ಆದ್ರೆ ಸಾಮಾನ್ಯವಾಗಿ ಫ್ಯಾಕ್ಟರಿಗೇ ಆರ್ಡರ್ ಕೊಟ್ಟು ಕಾಯ್ಬೇಕು. ಅದಕ್ಕೇ ಸೆಕೆಂಡ್ ಹ್ಯಾಂಡ್‌ಗೆ ಇಷ್ಟು ನೂಕುನುಗ್ಗಲು, ಅದಕ್ಕೇ ರೇಟೂ ಇಳಿಯಲ್ಲ. ಹತ್ತು ವರ್ಷ ಹಳೇದು ಅಂದ್ರೆ ಅರ್ಧ ರೇಟಿಗೆ ಬರತ್ತೆ ಅನ್ನೋ ಕಾರಿನ ಲೆಕ್ಕ ಇಲ್ಲಿ ಮರೆತುಬಿಡಿ.

ಗಾಡಿ ನೋಡೋಕೆ ಮುಂಚೆ ನಿಮ್ಮ ಕಾರು ನೋಡಿ. ಎಲ್ರೂ ತಿರುಗಾ ಮುರುಗಾ ಮಾಡೋದು ಇಲ್ಲೇ. ನಮ್ಮವ್ರ ಮನೆಗಳಲ್ಲಿ ಇರೋದು ಹೆಚ್ಚಾಗಿ ಸಿಯೆನ್ನಾ, ಒಡಿಸ್ಸಿ, ಸಿಆರ್‌ವಿ, ರಾವ್‌ಫೋರ್ ತಾನೇ. ಸಿಯೆನ್ನಾ 3,500 ಪೌಂಡ್ ಎಳೆಯತ್ತೆ ಅಂತ ಪುಸ್ತಕದಲ್ಲಿ ಬರೆದಿರತ್ತೆ, ಸಿಆರ್‌ವಿ 1,500, ರಾವ್‌ಫೋರ್ ಹೈಬ್ರಿಡ್ 1,750. ವರ್ಷ, ಮಾಡೆಲ್ ಮೇಲೆ ಬದಲಾಗತ್ತೆ, ನಿಮ್ಮ ಕಾರಿನ ಪುಸ್ತಕ ತೆಗೆದು ನೋಡ್ಕೊಳ್ಳಿ. 13 ಅಡಿದು ಸಾಮಾನು ತುಂಬಿದ್ಮೇಲೆ 1,500 ದಾಟೋದೇನು ದೊಡ್ಡ ವಿಷ್ಯ ಅಲ್ಲ, 17 ಅಡಿ ಕಸೀಟಾ ತುಂಬಿಸಿ ನಿಲ್ಸಿದ್ರೆ 3,000 ದಾಟಿ 3,500ರ ಹತ್ರ ಬಂದಿರತ್ತೆ. ಮಾರೋನು ಹೇಳೋ ತೂಕ ಯಾವಾಗ್ಲೂ ಖಾಲಿ ಗಾಡಿ ತೂಕ, ನೀರು ಒಂದು ಗ್ಯಾಲನ್‌ಗೆ 8 ಪೌಂಡ್ ಮೇಲೆ, ಅಕ್ಕಿ ಬೇಳೆ ಕುಕ್ಕರ್ ಕಂಬಳಿ ಎಲ್ಲ ನಿಮ್ಮ ಲೆಕ್ಕ. ಅನುಮಾನ ಇದ್ರೆ ಹೈವೇ ಪಕ್ಕದ ಟ್ರಕ್ ಸ್ಟಾಪಲ್ಲಿ ತೂಕದ ಸ್ಕೇಲ್ ಇರತ್ತೆ, ಹತ್ತಿಸಿ ತೂಗ್ಸಿ.

ಇನ್ನೊಂದು ತೂಕ ಇದೆ, ಅದನ್ನ ಜನ ಕೇಳೋದೇ ಇಲ್ಲ. ಎತ್ತಿನಗಾಡಿ ನೋಡಿದೋರಿಗೆ ಬೇಗ ಅರ್ಥ ಆಗತ್ತೆ. ಹಿಂದೆ ಭಾರ ಜಾಸ್ತಿ ಹೇರಿದ್ರೆ ಮೂಕಿ ಮೇಲಕ್ಕೆ ಏಳತ್ತೆ, ಮುಂದೆ ಜಾಸ್ತಿ ಆದ್ರೆ ಎತ್ತಿನ ಹೆಗಲ ಮೇಲೆ ಕೂರತ್ತೆ. ಇಲ್ಲೂ ಅಷ್ಟೇ, ಟ್ರೇಲರ್ ಮೂಕಿ ನಿಮ್ಮ ಕಾರಿನ ಹಿಂಬದಿ ಮೇಲೆ ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಒತ್ತಬೇಕು. ಕಮ್ಮಿ ಆದ್ರೆ ಹೈವೇಲಿ ಟ್ರೇಲರ್ ನಾಯಿ ಬಾಲದ ಥರ ಅಲ್ಲಾಡೋಕೆ ಶುರು ಮಾಡತ್ತೆ, ಒಂದ್ಸಲ ಆ ಅನುಭವ ಆದ್ರೆ ಸಾಕು. ಜಾಸ್ತಿ ಆದ್ರೆ ಕಾರಿನ ಹಿಂದಿನ ಸಸ್ಪೆನ್ಷನ್ ಕುಸಿಯತ್ತೆ. ಮತ್ತೆ ಈ ಮೂಕಿ ಭಾರ ಕಾರಲ್ಲಿ ಕೂತಿರೋ ಜನ, ಸಾಮಾನಿನ ಜೊತೆಗೆ ಲೆಕ್ಕಕ್ಕೆ ಬರತ್ತೆ. ಊರಿಂದ ಅಪ್ಪ ಅಮ್ಮ ಬಂದಿದಾರೆ, ಮಕ್ಕಳಿಬ್ರು, ಹಿಂದೆ ಡಿಕ್ಕಿ ತುಂಬ ಸಾಮಾನು, ಅದರ ಮೇಲೆ ಮೂಕಿ 350 ಪೌಂಡ್ ಒತ್ತಿದ್ರೆ, ಎಳೆಯೋ ಶಕ್ತಿ ಇದ್ರೂ ಹೊರೋ ಶಕ್ತಿ ಮುಗಿದುಹೋಗಿರತ್ತೆ.

ಈಗ ಗಾಡಿ ನೋಡೋ ವಿಷ್ಯ. ನಾವು ಮೊದ್ಲು ನೋಡಿದ್ದು 1980ರ ದಶಕದ 13 ಅಡಿದು, ಬೆಟ್ಟ ದಾಟಿ ವಾಷಿಂಗ್ಟನ್‌ನ ಪೂರ್ವದ ಕಡೆ ಮೂರೂವರೆ ಗಂಟೆ ಡ್ರೈವ್ ಮಾಡ್ಕೊಂಡು ಹೋಗಿ. ಮನೆಯ ಅಜ್ಜಿ ಹಳದಿ ಹೂವಿನ ಪರ್ದೆ ಹಾಕಿ, ಸೀರಿಯಲ್ ಲೈಟ್ ಇಳಿಬಿಟ್ಟು, ಒಳಗೆ ಮರದ ಹಾಗೆ ಕಾಣೋ ಹೊಸ ಸ್ಟಿಕ್ಕರ್ ನೆಲ ಹಾಕ್ಸಿ, ಟೇಬಲ್ ಮೇಲೆ ಒಂದು ಗ್ಲಾಸಲ್ಲಿ ಹೂವು ಕೂಡ ಇಟ್ಟಿದ್ರು. ನಮ್ಮನೆಯವ್ಳು ಒಳಗೆ ಕಾಲಿಟ್ಟವ್ಳೇ "ಇದೇ" ಅಂದ್ಳು. ನಾನು ಚೆಕ್ ಬುಕ್ ಜೇಬಲ್ಲಿಟ್ಕೊಂಡೇ ಹೋಗಿದ್ದೆ. ಜೊತೆಗೆ ಬಂದಿದ್ದ ಗೆಳೆಯ, ಮಂಡ್ಯ ಕಡೆಯವ್ನು, ಅವ್ರಪ್ಪಂದು ಟ್ರಾಕ್ಟರ್ ರಿಪೇರಿ ಶೆಡ್ಡು, ಅವ್ನು ಒಳಗೆ ಬರ್ಲೇ ಇಲ್ಲ. ಕಾರಲ್ಲಿದ್ದ ಯೋಗ ಮ್ಯಾಟ್ ತಂದು ನೆಲಕ್ಕೆ ಹಾಸಿ ಟಾರ್ಚ್ ಹಿಡ್ಕೊಂಡು ಗಾಡಿ ಕೆಳಗೆ ನುಗ್ಗಿದ. ಐದು ನಿಮಿಷ ಆದ್ಮೇಲೆ "ಬಾ ಇಲ್ಲಿ" ಅಂದ.

ಕೆಳಗೆ ಹೋಗಿ ನೋಡಿದ್ರೆ, ಮೂಕಿಯ ಕಬ್ಬಿಣ ಗಾಡಿ ಕೆಳಗೆ ನುಗ್ಗೋ ಜಾಗದಲ್ಲಿ ಒಂದು ಬಾಗು ಇರತ್ತೆ, ಆ ಬಾಗಿನ ಹತ್ರ ಕೂದಲೆಳೆಯಷ್ಟು ಗೆರೆ. ಬೆರಳಾಡ್ಸಿದ್ರೆ ಉಗುರು ಸಿಕ್ಕಿಕೊಳ್ತಿತ್ತು, ಗೆರೆ ಉದ್ದಕ್ಕೂ ಕೆಂಪು ತುಕ್ಕು ಇಳಿದು ಒಣಗಿತ್ತು. ಇನ್ನೊಂದು ಕಡೆ ಅದೇ ಜಾಗದಲ್ಲಿ ಯಾರೋ ಹಳೇ ಕಾಲದಲ್ಲಿ ಒಂದು ತಗಡು ಇಟ್ಟು ವೆಲ್ಡಿಂಗ್ ಮಾಡಿ ಕಪ್ಪು ಬಣ್ಣ ಬಳಿದಿದ್ರು. ಚಾಸಿ, ಅಂದ್ರೆ ಇಡೀ ಗಾಡಿ ಹೊರೋ ಕಬ್ಬಿಣದ ಚೌಕಟ್ಟು, ಬಿರುಕು ಬಿಟ್ಟಿತ್ತು. ಇದೇ ಸ್ಥಿತೀಲಿ ಸ್ನೊಕ್ವಾಲ್ಮಿ ಪಾಸ್ ಇಳಿಯುವಾಗ ಏನಾಗ್ತಿತ್ತೋ. ಅಜ್ಜಿಗೆ ತೋರಿಸಿದ್ರೆ ಪಾಪ ಅವ್ರಿಗೆ ಗೊತ್ತೇ ಇರ್ಲಿಲ್ಲ. ಕಾಫಿ ಕೊಟ್ಟು ಕಳ್ಸಿದ್ರು.

ಆವತ್ತಿಂದ ನನ್ನ ಕ್ರಮ ಇದು, ಒಳಗೆ ಹೋಗೋದು ಕೊನೇಗೆ. ಫೈಬರ್ ಚಿಪ್ಪು ಸುಲಭಕ್ಕೆ ಸಾಯಲ್ಲ, ಸಾಯೋದೆಲ್ಲ ಅದರ ಕೆಳಗಿರೋದು, ಚಾಸಿ, ಚಕ್ರದ ಅಚ್ಚು (ಆಕ್ಸಲ್), ನೆಲದ ಹಲಗೆ. ಮಾರೋರು ಅಲಂಕಾರ ಮಾಡೋದು ಒಳಗೆ. ಕೆಳಗೆ ಯಾರೂ ಮಾಡಲ್ಲ, ಆದ್ರಿಂದ ಅಲ್ಲಿ ಸುಳ್ಳು ಇರಲ್ಲ. ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ರೆ ಮಾತ್ರ ಇನ್ನೂ ಹುಷಾರಾಗಿ ನೋಡಿ. ಮೂಕಿ ಬಾಗಿನ ಜಾಗ, ಅಚ್ಚು ಚಾಸಿಗೆ ಸೇರೋ ಜಾಗ, ಬಾಗಿಲ ಕೆಳಗಿನ ಭಾಗ, ಈ ಮೂರು ಕಡೆ ವೈರ್ ಬ್ರಶ್ಶಲ್ಲಿ ಉಜ್ಜಿ ನೋಡಿ. ಮೇಲ್ಮೈ ತುಕ್ಕು ಪರ್ವಾಗಿಲ್ಲ, ಪದರ ಪದರವಾಗಿ ಏಳ್ತಿದ್ರೆ ಬೇಡ. ಒಳ್ಳೆ ವೆಲ್ಡರ್ ಸಿಕ್ರೆ ಬಿರುಕು ಸರಿ ಮಾಡಿ ಬಲ ಕೊಡಬಹುದು, ಆ ಖರ್ಚು ರೇಟಲ್ಲಿ ಕಳೆದು ಕೊಡ್ತಾರಾ ಅಷ್ಟೇ ಪ್ರಶ್ನೆ.

ಅಚ್ಚಿನ ವಿಷ್ಯ ಸ್ವಲ್ಪ ವಿವರವಾಗಿ ಹೇಳ್ತೀನಿ ಯಾಕಂದ್ರೆ ಇದು ಕಣ್ಣಿಗೆ ಕಾಣೋದು ಆದ್ರೆ ಯಾರೂ ನೋಡಲ್ಲ. ಇಂಥ ಬಹಳಷ್ಟು ಗಾಡಿಗಳಲ್ಲಿ ಸ್ಪ್ರಿಂಗ್ ಪಟ್ಟಿ ಇರಲ್ಲ, ಟಾರ್ಷನ್ ಆಕ್ಸಲ್ ಇರತ್ತೆ. ಚೌಕಾಕಾರದ ಕಬ್ಬಿಣದ ಕೊಳವೆ ಒಳಗೆ ರಬ್ಬರ್ ಕಡ್ಡಿಗಳು, ಆ ರಬ್ಬರ್ ತಿರುಚಿಕೊಳ್ಳೋದೇ ಸ್ಪ್ರಿಂಗ್. ಕೊಳವೆ ತುದಿಯಿಂದ ಒಂದು ಚಿಕ್ಕ ತೋಳು ಹೊರಟು ಚಕ್ರಕ್ಕೆ ಸೇರಿರತ್ತೆ. ಹೊಸತರಲ್ಲಿ ಆ ತೋಳು ಸಾಮಾನ್ಯವಾಗಿ ಕೆಳಮುಖವಾಗಿರತ್ತೆ. ಇಪ್ಪತ್ತು ಮೂವತ್ತು ವರ್ಷ ಕಳೆದ್ರೆ ರಬ್ಬರ್ ಒಣಗಿ ಸತ್ತು, ತೋಳು ನೆಲಕ್ಕೆ ಸಮಾನಾಂತರ ಆಗತ್ತೆ, ಇನ್ನೂ ಹಳಸಿದ್ರೆ ಮೇಲ್ಮುಖ ಆಗತ್ತೆ. ಖಾಲಿ ನಿಂತಿರೋ ಗಾಡೀಲೇ ತೋಳು ಮೇಲಕ್ಕೆ ನೋಡ್ತಿದ್ರೆ ಅಚ್ಚು ಮುಗೀತು ಅಂತ ಲೆಕ್ಕ, ರೋಡಿನ ಪ್ರತಿ ಗುಂಡಿ ಏಟು ನೇರವಾಗಿ ಚಿಪ್ಪಿಗೆ, ರಿವೆಟ್‌ಗಳಿಗೆ. ಇದು ರಿಪೇರಿ ಆಗೋ ವಸ್ತು ಅಲ್ಲ, ಹೊಸ ಅಚ್ಚೇ ಹಾಕ್ಸಬೇಕು. ಹಾಕ್ಸುವಾಗ ಎಲೆಕ್ಟ್ರಿಕ್ ಬ್ರೇಕ್ ಇರೋದೇ ಹಾಕ್ಸಿ, ಹಳೇ 13 ಅಡಿ ಗಾಡಿ ಬಹಳಷ್ಟಕ್ಕೆ ಬ್ರೇಕೇ ಇರಲ್ಲ. ಬ್ರೇಕ್ ಇದ್ರೆ ನಿಮ್ಮ ಕಾರಿಗೆ ಟ್ರೇಲರ್ ವೈರ್ ಚುಚ್ಚೋ 7 ಪಿನ್ ಪ್ಲಗ್, ಕಾರಿಂದಲೇ ಆ ಬ್ರೇಕ್ ಹಿಡಿಸೋ ಬ್ರೇಕ್ ಕಂಟ್ರೋಲರ್ ಬೇಕಾಗತ್ತೆ, ಅದರ ಖರ್ಚೂ ಮನಸ್ಸಲ್ಲಿಟ್ಕೊಳ್ಳಿ.

ಟೈರ್‌ಗೆ ಅರ್ಧ ನಿಮಿಷ ಸಾಕು. ಟೈರಿನ ಪಕ್ಕದ ಗೋಡೆ ಮೇಲೆ DOT ಅಂತ ಶುರುವಾಗೋ ನಂಬರಿನ ಕೊನೇ ನಾಲ್ಕು ಅಂಕಿ ನೋಡಿ, ಅದು ತಯಾರಾದ ವಾರ, ವರ್ಷ, 3516 ಅಂದ್ರೆ 2016ನೇ ಇಸವಿ 35ನೇ ವಾರ. ಮೇಲಿನ ಪಟ್ಟೆ (ಟ್ರೆಡ್) ಎಷ್ಟೇ ಚೆನ್ನಾಗಿರ್ಲಿ, ಐದಾರು ವರ್ಷ ದಾಟಿದ್ರೆ ಬದಲಾಯಿಸೋದೇ, ಟ್ರೇಲರ್ ಟೈರ್ ಸವೆದು ಸಾಯಲ್ಲ, ನಿಂತು ನಿಂತೇ ಸಾಯತ್ತೆ.

ಆಮೇಲೆ ಚಿಪ್ಪು. ಜೇಡರಬಲೆ ಥರ ಸಣ್ಣ ಬಿರುಕು ಮೇಲಿನ ಬಣ್ಣದ ಪದರದಲ್ಲಿ ಇದ್ರೆ ತಲೆ ಕೆಡಿಸ್ಕೋಬೇಡಿ, ನಮ್ಮ ಮುಖದಲ್ಲೂ ಇದೆ. ಮಂಕಾಗಿ ಸುಣ್ಣದ ಪುಡಿ ಕೈಗೆ ಅಂಟ್ತಿದ್ರೆ ಪಾಲಿಶ್ ಮಾಡಿದ್ರೆ ಬರತ್ತೆ. ತೆಂಗಿನಕಾಯಿ ತಟ್ಟಿ ನೋಡೋ ಹಾಗೆ ಗೆಣ್ಣಿಂದ ಸುತ್ತ ತಟ್ತಾ ಹೋಗಿ, ಎಲ್ಲಾದ್ರೂ ಸದ್ದು ಬೇರೆ ಆದ್ರೆ ಅಲ್ಲಿ ಹಳೇ ಪ್ಯಾಚ್ ಇರತ್ತೆ. ದೂರ ನಿಂತು ಛಾವಣಿ ನೋಡಿ, ಮಧ್ಯ ತಗ್ಗಾಗಿ ನೀರು ನಿಂತ ಕಲೆ ಇದ್ಯಾ? ಇದಕ್ಕೊಂದು ಕಾರಣ ಇದೆ, ಹಲವು ಮಾಡೆಲ್‌ಗಳಲ್ಲಿ ಒಳಗಿನ ಬೀರು, ಕಪಾಟುಗಳೇ ಛಾವಣಿಗೆ ಕಂಬ. ಯಾರೋ ಜಾಗ ದೊಡ್ಡದು ಮಾಡ್ತೀನಿ ಅಂತ ಬೀರು ಕಿತ್ತು ಹಾಕಿರ್ತಾರೆ, ಮೇಲೆ ಎಸಿ ಕೂರಿಸಿರ್ತಾರೆ, ಛಾವಣಿ ಕುಸಿಯತ್ತೆ, ಬಾಗಿಲು ಕೂಡ ಸರಿಯಾಗಿ ಮುಚ್ಚಲ್ಲ. ಬಾಗಿಲು ಮುಚ್ಚಿ ಒಳಗಿಂದ ನೋಡಿ, ಮೇಲೆ ಕೆಳಗೆ ಎಲ್ಲಾದ್ರೂ ಬೆಳಕು ಬರ್ತಿದ್ಯಾ ಅಂತ.

ಈಗ ಒಳಗೆ ಹೋಗಿ, ಹೋದ ತಕ್ಷಣ ಮೂಗು ಉಪಯೋಗಿಸಿ. ಮೊದ್ಲೇ ಫೋನ್ ಮಾಡಿ "ನಾವು ಬರೋವರ್ಗೂ ಕಿಟಕಿ ತೆಗೀಬೇಡಿ" ಅಂತ ಹೇಳಿ. ಮುಗ್ಗಲು ವಾಸನೆ ಬಂದ್ರೆ ನೀರು ಎಲ್ಲೋ ಇದೆ. ಅಗರಬತ್ತಿ ಥರದ ಏರ್ ಫ್ರೆಶ್ನರ್ ಘಮ ಮೂಗಿಗೆ ಹೊಡೆದ್ರೆ ಎರಡು ಪಟ್ಟು ಅನುಮಾನ ಪಡಿ. ದಿಂಬು, ಕುಶನ್ ಎಲ್ಲ ಎತ್ತಿ ಬೆಂಚಿನ ಮುಚ್ಚಳ ತೆಗೀರಿ, ಅಲ್ಲಿ ಸ್ಟಿಕ್ಕರ್ ನೆಲ ಹೋಗಿರಲ್ಲ, ಬರೀ ಹಲಗೆ ಕಾಣತ್ತೆ. ನೆಲ ಮಾತ್ರ ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಮರದ್ದೇ, ಪ್ಲೈವುಡ್ಡು ಅಥ್ವಾ ಚಕ್ಕೆ ಒತ್ತಿ ಮಾಡಿದ ಹಲಗೆ. ಮೂಲೆಗಳಲ್ಲಿ, ಬಾಗಿಲ ಹತ್ರ, ನೀರಿನ ಟ್ಯಾಂಕ್ ಕೆಳಗೆ ಸ್ಕ್ರೂಡ್ರೈವರ್ ತುದಿ ಒತ್ತಿ. ಗಟ್ಟಿ ಇದ್ರೆ ಟಕ್ ಅನ್ನತ್ತೆ, ಕೊಳೆತಿದ್ರೆ ನೆಂದ ರಸ್ಕಲ್ಲಿ ಬೆರಳು ಇಳಿದ ಹಾಗೆ ಇಳಿಯತ್ತೆ. ನಾವು ತಗೊಂಡಿದ್ರಲ್ಲೇ ಬಾಗಿಲ ಬಲಗಡೆ ಅಂಗೈಯಗಲ ಇಳೀತು, ಅದನ್ನ ತೋರಿಸಿ 600 ಡಾಲರ್ ಕಮ್ಮಿ ಮಾಡಿಸ್ಕೊಂಡೆ, ಒಂದು ಭಾನುವಾರ ಕೆಲಸ ಆಯ್ತು. ಪೂರ್ತಿ ನೆಲ ಹೋಗಿದ್ರೆ ಅದು ಭಾನುವಾರದ ಕೆಲಸ ಅಲ್ಲ, ಹಲಗೆ ಚಿಪ್ಪಿಗೆ ಫೈಬರ್‌ನಿಂದ ಅಂಟಿರತ್ತೆ, ಒಂದು ಬೇಸಿಗೆ ಮುಗಿಯತ್ತೆ.

ನೀರು ಎಲ್ಲಿಂದ ಬರತ್ತೆ ಅಂದ್ರೆ, ಛಾವಣಿ ಕಿಟಕಿ, ಪಕ್ಕದ ಕಿಟಕಿಗಳ ರಬ್ಬರ್, ಸೊಂಟದ ಪಟ್ಟಿ, ಮತ್ತೆ ರಿವೆಟ್. ಕೆಲವು ಮಾಡೆಲ್‌ಗಳಲ್ಲಿ ಒಳಗಿನ ಕಪಾಟು ಹಿಡಿದಿರೋ ರಿವೆಟ್‌ಗಳು ಚಿಪ್ಪಿನ ಆಚೆಗೇ ತೂತು ಹೊಡ್ಕೊಂಡು ಹೋಗಿರತ್ತೆ, ಮೇಲೆ ಚಿಕ್ಕ ಬಿಳಿ ಟೋಪಿ. ಟೋಪಿ ಹಾರಿಹೋಗಿದ್ರೆ ಅಲ್ಲೊಂದು ನಲ್ಲಿ. ಪೈಸೆ ಖರ್ಚಲ್ಲಿ ಸರಿ ಆಗತ್ತೆ, ಅದಕ್ಕೆ ಹೆದರ್ಬೇಡಿ. ಮಾರೋರು ಒಪ್ಪಿದ್ರೆ ಗಾರ್ಡನ್ ಪೈಪಲ್ಲಿ ಹತ್ತು ನಿಮಿಷ ಮೇಲಿಂದ ನೀರು ಬಿಟ್ಟು ಒಳಗೆ ಕೂತ್ಕೊಂಡು ನೋಡಿ. ಒಪ್ಪದೇ ಇದ್ರೆ ಅದೂ ಒಂದು ಉತ್ರನೇ.

ಒಲೆ, ಫ್ರಿಜ್ಜು, ಹೀಟರ್ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ಲ ಬದಲಾಯಿಸಬಹುದಾದ ವಸ್ತು. ಮೂರು ಥರದಲ್ಲಿ ಓಡೋ ಫ್ರಿಜ್, ಅಂದ್ರೆ ಮನೆ ಕರೆಂಟು, 12 ವೋಲ್ಟು, ಗ್ಯಾಸು, ಅದು ತಣ್ಣಗಾಗೋಕೆ ಗಂಟೆಗಟ್ಲೆ ಬೇಕು, ಆದ್ರಿಂದ ಹಿಂದಿನ ರಾತ್ರಿನೇ ಆನ್ ಮಾಡಿಡೋಕೆ ಹೇಳಿ. ಗ್ಯಾಸ್ ಪೈಪಿಗೆ ನಮ್ಮ ಊರಿನ ಸೋಪಿನ ನೊರೆ ಪರೀಕ್ಷೆ ಇಲ್ಲೂ ನಡೆಯತ್ತೆ. ಆದ್ರೆ ನಮ್ಮ ಅಡುಗೆಯವ್ರಿಗೆ ಒಂದು ಮಾತು, ಒಳಗೆ ಕುಕ್ಕರ್ ಕೂಗಿಸ್ಬೇಡಿ. ಅಷ್ಟು ಚಿಕ್ಕ ಮೊಟ್ಟೇಲಿ ಮೂರು ಸೀಟಿ ಆದ್ರೆ ಗೋಡೆ ತುಂಬ ಹನಿ, ಬೆಳಗ್ಗೆ ಎದ್ದಾಗ ಹಾಸಿಗೆ ಒದ್ದೆ. ಮತ್ತೆ ಹಳೇ ಗಾಡಿ ಒಳಗೋಡೆಗೆ ಕಾರ್ಪೆಟ್ಟೋ ಫೋಮ್ ಇರೋ ರೆಕ್ಸಿನ್ನೋ ಅಂಟಿಸಿರ್ತಾರೆ, ಕಾರ್ಪೆಟ್ ಆದ್ರೆ ಇಂಗು ಸಾಸಿವೆ ಒಗ್ಗರಣೆ ವಾಸನೆ ಅದ್ರಲ್ಲಿ ಕೂತ್ರೆ ಏಳಲ್ಲ. ನಾವು ಅಡುಗೆ ಎಲ್ಲ ಆಚೆ, ಪಿಕ್ನಿಕ್ ಟೇಬಲ್ ಮೇಲೆ.

ನಾಲ್ಕು ಜನ ಮಲಗಬಹುದು ಅಂತ ಬರೆದಿದ್ರೆ ನಂಬಿ ಹೋಗ್ಬೇಡಿ, ಹೋಗಿ ಮಲಗಿ ನೋಡಿ. ಶೂ ಬಿಚ್ಚಿ, ಗಂಡ ಹೆಂಡ್ತಿ ಇಬ್ರೂ, ಮಾರೋರ ಮುಂದೇನೇ, ನಾಚಿಕೆ ಬೇಡ. 13 ಅಡೀಲಿ ನಾಲ್ಕು ಅಂದ್ರೆ ಇಬ್ರು ದೊಡ್ಡೋರು, ಇಬ್ರು ಪುಟ್ಟ ಮಕ್ಕಳು, ಆ ಮಕ್ಕಳು ಬೇಗ ಬೆಳೀತಾರೆ. ಆರಡಿ ಮೇಲಿದ್ರೆ ನಿಂತೂ ನೋಡಿ.

ಕಾಗದಪತ್ರ. ಚಾಸಿ ಮೇಲಿನ ಅಥ್ವಾ ಪ್ಲೇಟ್ ಮೇಲಿನ ವಿನ್ (VIN) ನಂಬರು, ಅಂದ್ರೆ ಗಾಡಿಯ ಗುರುತಿನ ಸಂಖ್ಯೆ, ಟೈಟಲ್ ಅನ್ನೋ ಮಾಲೀಕತ್ವದ ಕಾಗದದಲ್ಲಿರೋದಕ್ಕೆ ಅಂಕಿ ಅಂಕಿ ಹೊಂದಬೇಕು, ಟೈಟಲ್‌ನಲ್ಲಿರೋ ಹೆಸರೂ ಮಾರ್ತಿರೋರ ಹೆಸರೂ ಒಂದೇ ಆಗಿರ್ಬೇಕು. "ಅದು ನಮ್ಮ ಮಾವಂದು, ಅವ್ರು ಹೋಗ್ಬಿಟ್ರು" ಅಂದ್ರೆ ಪಾಪ ಅನ್ಸತ್ತೆ, ಆದ್ರೂ ಕಾಗದ ಸರಿ ಮಾಡಿಸಿ ಕೊಡಿ ಅಂತ ಹೇಳಿ ಬನ್ನಿ. ಕೆಲವು ರಾಜ್ಯಗಳಲ್ಲಿ ಹಳೇ ಹಗುರ ಟ್ರೇಲರ್‌ಗೆ ಟೈಟಲ್ಲೇ ಕೊಡಲ್ಲ, ಹಾಗಿದ್ರೆ ನಿಮ್ಮ ರಾಜ್ಯದ ಆಫೀಸಿಗೆ ಫೋನ್ ಮಾಡಿ ಏನ್ ಬೇಕು ಕೇಳ್ಕೊಂಡೇ ದುಡ್ಡು ಕೊಡಿ. ವಾಷಿಂಗ್ಟನ್‌ನಲ್ಲಿ 15 ದಿನದೊಳಗೆ ಹೆಸರು ಬದಲಾಯಿಸ್ಕೋಬೇಕು, ತಡ ಆದ್ರೆ ದಂಡ. ಕೆನಡಾ ಕಡೆಯಿಂದ ಹಳೇ ಬೋಲರ್ ತರೋರಿಗೆ, 25 ವರ್ಷ ದಾಟಿದ ಗಾಡಿಗೆ ಅಮೆರಿಕದ ಸುರಕ್ಷತಾ ಮಾನದಂಡದ ತಕರಾರು ಇರಲ್ಲ, ಆದ್ರೆ ತಯಾರಾದ ವರ್ಷ ತೋರಿಸೋ ಕಾಗದ ಕೈಲಿರ್ಬೇಕು.

ಮೋಸದ ಜಾಹೀರಾತು ಗುರುತಿಸೋದು ಕಷ್ಟ ಇಲ್ಲ. ಫಳಫಳ ಫೋಟೋ, ಅರ್ಧ ರೇಟು, ಮಾರೋರು ಮಿಲಿಟರೀಲಿ ದೂರದಲ್ಲಿದಾರೆ, ಗಾಡಿ ಗೋಡೌನಲ್ಲಿದೆ, ದುಡ್ಡು ಹಾಕಿದ್ರೆ ಮನೆಗೇ ಬರತ್ತೆ. ಗಾಡಿ ಮುಟ್ಟದೇ ಒಂದು ಡಾಲರ್ ಅಡ್ವಾನ್ಸೂ ಬೇಡ. ನಿಜವಾದ ಒಳ್ಳೆ ಗಾಡಿ ಮಾತ್ರ ಹಾಕಿದ ದಿನವೇ ಹೋಗಿಬಿಡತ್ತೆ, ಅದಕ್ಕೆ ಕ್ಯಾಶು, ಟಾರ್ಚು, ಸ್ಕ್ರೂಡ್ರೈವರ್ರು, ಹಳೇ ಮ್ಯಾಟು ಕಾರಲ್ಲೇ ರೆಡಿ ಇರ್ಲಿ. ಮಳೆಗಾಲ ಶುರುವಾದ್ಮೇಲೆ, ಅಂದ್ರೆ ಅಕ್ಟೋಬರ್ ಆಚೆ ಹುಡುಕಿ, ಚಳಿಗಾಲ ಪೂರ್ತಿ ಅಂಗಳದಲ್ಲಿ ನಿಲ್ಲಿಸ್ಕೊಳ್ಳೋಕೆ ಬೇಜಾರಾಗಿ ಕೆಲವ್ರು ಚೌಕಾಸಿಗೆ ಬರ್ತಾರೆ, ಸೋರೋದೂ ಆಗ್ಲೇ ಕಾಣತ್ತೆ.

ತಗೊಂಡಾಯ್ತು ಅಂದ್ರೆ ಅಲ್ಲೇ ಹೊರಡ್ಬೇಡಿ. ಟ್ರೇಲರ್ ಕೊಂಡಿ ಕಾರಿನ ಹಿಂದೆ ಹಾಕೋ ಯಾವ ಅಳತೆ ಉಕ್ಕಿನ ಬಾಲ್‌ಗೆ ಕೂರತ್ತೆ ನೋಡಿ, ಹಳೇವಕ್ಕೆ ಒಂದೂಮುಕ್ಕಾಲು ಚಿಲ್ಲರೆ ಇಂಚು, ಹೊಸವಕ್ಕೆ 2 ಇಂಚು, ಚಿಕ್ಕ ಬಾಲ್ ಮೇಲೆ ದೊಡ್ಡ ಕೊಂಡಿ ಕೂತ ಹಾಗೇ ಕಾಣತ್ತೆ, ಮೊದಲ್ನೇ ಹಳ್ಳಕ್ಕೆ ಹಾರತ್ತೆ. ಸುರಕ್ಷತೆ ಚೈನು ಅಡ್ಡಡ್ಡ ಹಾಕಿ, ಲೈಟು ಇಂಡಿಕೇಟರ್ ಒಬ್ರು ಹಿಂದೆ ನಿಂತು ನೋಡಿ. ಟೈರ್ ಹಳೇದಾಗಿದ್ರೆ ಹತ್ರದ ಅಂಗಡೀಲೇ ಹಾಕ್ಸಿ. ಇಪ್ಪತ್ತು ಮೈಲಿ ಹೋದ್ಮೇಲೆ ನಿಲ್ಸಿ ಎರಡೂ ಚಕ್ರದ ಮಧ್ಯಭಾಗದ ಹತ್ರ ಹುಷಾರಾಗಿ ಕೈ ಒಯ್ದು ನೋಡಿ, ಬೆಚ್ಚಗಿದ್ರೆ ಸರಿ, ಒಂದು ಮಾತ್ರ ಸುಡ್ತಿದ್ರೆ ಬೇರಿಂಗ್ ಗ್ರೀಸ್ ಒಣಗಿದೆ ಅಥ್ವಾ ಬ್ರೇಕ್ ಹಿಡ್ಕೊಂಡಿದೆ. ಕ್ಯಾಲಿಫೋರ್ನಿಯಾದಲ್ಲಾದ್ರೆ ಟ್ರೇಲರ್ ಎಳೆಯೋರಿಗೆ ಕಾನೂನಿನ ಪ್ರಕಾರ 55 ಮೈಲಿನೇ ಮಿತಿ, ಬೇರೆ ಕಡೆ ಜಾಸ್ತಿ ಬಿಟ್ರೂ ನಾನು 60 ದಾಟಲ್ಲ. ಹಿಂದಿನವ್ರು ಹಾರ್ನ್ ಹೊಡೀತಾರೆ, ಹೊಡೀಲಿ.

ಮನೆಗೆ ತಂದ ಮೊದಲ್ನೇ ರಾತ್ರಿ ನಿಮ್ಮ ಅಂಗಳದಲ್ಲೇ ಮಲಗಿ, ಹೀಟರ್ ಹಾಕಿ, ನಲ್ಲಿ ತಿರುಗ್ಸಿ, ಎಲ್ಲ ಲೈಟೂ ಹಚ್ಚಿ ನೋಡಿ. ನಾವು ಹಾಗೇ ಮಾಡಿದ್ವಿ. ರಾತ್ರಿ ಎರಡು ಗಂಟೆಗೆ ಗ್ಯಾಸ್ ಅಲಾರಂ ಕೂಗೋಕೆ ಶುರುವಾಯ್ತು, ಎದ್ದು ಗಾಬರಿಯಿಂದ ವಾಲ್ವ್ ಮುಚ್ಚಿ ಎಲ್ರೂ ಆಚೆ ಓಡಿಬಂದು ನಿಂತ್ವಿ, ಆಮೇಲೆ ನೋಡಿದ್ರೆ ಸೋರಿಕೆ ಏನೂ ಇಲ್ಲ, ಅಲಾರಂ ಹಿಂದೆ ಅದರ ಅವಧಿ ಮುಗಿದ ತಾರೀಖು ಬರೆದಿತ್ತು, ಅವಧಿ ಮುಗಿದು ನಾಲ್ಕು ವರ್ಷ ಆಗಿತ್ತು. ಹೊಸದು ತಂದು ಹಾಕ್ದೆ. ನೀವು ತಗೊಳ್ಳೋ ದಿನವೇ ಅದರ ಹಿಂದೆ ತಿರುಗಿಸಿ ನೋಡ್ಕೊಳ್ಳಿ.